ಅಮ್ಮನನ್ನು ಬೈಯದ ಹಾಡು

೧೯೯೧ ಜನವರಿ ೬, ಭಾನುವಾರ

ನಮ್ಮ ಪಾದ್ರಿಗಳ ಹೆಂಡತಿ, ನಾವೆಲ್ಲ ಸಿಸ್ಟರ್ ಎಂದು ಕರೆಯುವ ಬರ್ನಡೀನ್, ಇವತ್ತು ಚರ್ಚಿನಲ್ಲಿ ಹೆಂಗಸರಿಗೆಲ್ಲ ಒಂದೊಂದು ನೋಟ್‌ಬುಕ್ ಹಂಚಿದರು. ದಿನಕ್ಕೊಂದಾದರೂ ಕೃತಜ್ಞತೆಯ ಮಾತು ಬರೆಯಬೇಕಂತೆ. ಬರೆದರೆ ಬಿಪಿ ಇಳಿಯುತ್ತದಂತೆ. ಹೇಳುವಾಗ ಅಷ್ಟು ಜನರಲ್ಲಿ ನನ್ನ ಮುಖವನ್ನೇ ಯಾಕೆ ನೋಡಿದರೋ ಗೊತ್ತಿಲ್ಲ.

ಸರಿ, ನನ್ನ ಕಾಲುಗಳಿಗೆ ಧನ್ಯವಾದ. ಹತ್ತೊಂಬತ್ತು ವರ್ಷದಿಂದ ಶಾಲೆಯ ಅಡುಗೆಮನೆಯಲ್ಲಿ ನಿಂತೇ ಇವೆ, ಇನ್ನೂ ಕೈಕೊಟ್ಟಿಲ್ಲ. ಮಗ ಕೆಲ್ವಿನ್ ಜೀವಂತವಾಗಿದ್ದಾನೆ, ಅದಕ್ಕೂ ಧನ್ಯವಾದ. ಹುಡುಗರು ಗುಂಡಿಗೆ ಬೀಳುವ ನಮ್ಮ ಈ ಕರಿಯರ ಊರು ಕಾಂಪ್ಟನ್ನಿನಲ್ಲಿ ಇಪ್ಪತ್ತೊಂದು ದಾಟಿದ ಗಂಡುಮಗ ಇರುವ ತಾಯಿ ಇದನ್ನು ಸುಮ್ಮನೆ ಬರೆಯುವುದಿಲ್ಲ.

ಡೆಲ್ಮಾರನ ವಿಷಯ ಬರೆಯಬಾರದು ಎಂದುಕೊಂಡಿದ್ದೆ. ಆದರೆ ಈ ಪುಸ್ತಕ ನಾನೊಬ್ಬಳೇ ಓದುವುದು. ಅವನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನಲ್ಲ, ಹಿಂದಿನ ಬೀದಿಯ ಲೊರೆಟಾಳ ಮಗ. ಅವಳು ತೀರಿಕೊಂಡಾಗ ಅವನಿಗೆ ಹದಿನಾಲ್ಕು. ಅಲ್ಲಿಂದ ನನ್ನ ಮನೆಯಲ್ಲೇ ಉಂಡು, ಕೆಲ್ವಿನ್ನನ ಕೋಣೆಯಲ್ಲೇ ಮಲಗಿ ಬೆಳೆದ. ಇಬ್ಬರೂ ಸೇರಿ ನನ್ನ ಗ್ಯಾರೇಜಿನಲ್ಲಿ 'ಕರ್ಫ್ಯೂ' ಎಂಬ ಹಾಡಿನ ತಂಡ ಕಟ್ಟಿದರು. ಬಂದೂಕು, ಪೊಲೀಸರು, ಬೀದಿ ಜಗಳ, ಬಾಯ್ತುಂಬ ಹೊಲಸು ಮಾತು. ಗ್ಯಾಂಗ್‌ಸ್ಟಾ ರಾಪ್ ಎಂದು ಪೇಪರಿನವರು ಹೆಸರಿಟ್ಟಿದ್ದಾರೆ. ಈ ಇಬ್ಬರು ಭಯಂಕರ ಪುಂಡರಲ್ಲಿ ಒಬ್ಬ ಬೆಕ್ಕಿಗೆ ಹೆದರುತ್ತಾನೆ, ಇನ್ನೊಬ್ಬ ಹಲ್ಲಿನ ಡಾಕ್ಟರ ಹತ್ತಿರ ಹೋಗಲು ನನ್ನ ಕೈ ಹಿಡಿಯುತ್ತಿದ್ದ.

ಅಕ್ಟೋಬರಿನಲ್ಲಿ ತಂಡ ಒಡೆಯಿತು. ಹಾಡು ಬರೆದವನು ನಾನು ಎಂದು ಇವನು, ತಾಳ ಕಟ್ಟಿದವನು ನಾನು ಎಂದು ಅವನು. ಡೆಲ್ಮಾರ್ ತನ್ನ ತಾಳದ ಯಂತ್ರಗಳನ್ನು ಒಯ್ಯಲು ಬಂದಾಗ ನಾನು ಬಾಗಿಲಲ್ಲಿ ನಿಂತು, "ಇದು ನನ್ನ ಮಗನ ಮನೆ, ಇನ್ನು ಇಲ್ಲಿಗೆ ಬರ್ಬೇಡ" ಎಂದೆ. ತಾಯಿಯಾದವಳು ಇನ್ನೇನು ಹೇಳಬೇಕಿತ್ತು. ಅವನು ತಲೆ ತಗ್ಗಿಸಿ ಹೋದ.

ಅವರ ಹಾಡನ್ನು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಒಂದೊಂದರಲ್ಲಿ ಹದಿನೇಳು ಕೆಟ್ಟ ಮಾತಿದೆ ಎಂದು ನನ್ನ ಕೂದಲು ಮಾಡುವ ಒಡೆಸ್ಸಾ ಎಣಿಸಿದ್ದಾಳೆ.

ಜನವರಿ ೧೦, ಗುರುವಾರ

ಒವನ್ ಕೆಟ್ಟಿರಲಿಲ್ಲ. ಧನ್ಯವಾದ.

ಜನವರಿ ೧೯, ಶನಿವಾರ

ಒಡೆಸ್ಸಾಳ ಅಂಗಡಿಗೆ ಕೂದಲಿಗೆಂದು ಹೋಗಿದ್ದೆ. ಅವಳ ಅಂಗಡಿಗೂ ಪಕ್ಕದ ಗಂಡಸರ ಕ್ಷೌರದಂಗಡಿಗೂ ನಡುವೆ ಇರುವುದು ಒಂದು ಹಲಗೆ ಗೋಡೆ. ಅವರು ಕೆಮ್ಮಿದರೂ ನಮಗೆ ಕೇಳುತ್ತದೆ. ಇವತ್ತು ಅಲ್ಲಿ ಟೇಪು ಜೋರಾಗಿ ಓಡುತ್ತಿತ್ತು. ಧ್ವನಿ ಕೇಳಿದ ಕೂಡಲೇ ನನಗೆ ಗೊತ್ತಾಯಿತು, ಡೆಲ್ಮಾರ್.

"ಏನಿದು?" ಎಂದೆ.

ಒಡೆಸ್ಸಾ ಬಾಚಣಿಗೆ ನಿಲ್ಲಿಸಿದಳು. "ಈ ವಾರ ಬಂದಿರೋದು. ನಿನ್ನ ಮಗನ ಮೇಲೇ ಹಾಡಿದಾನೆ. ಹೆಸರು ಹಿಡಿದು. ನಿಂಗೆ ಯಾರೂ ಹೇಳ್ಲಿಲ್ವಾ?"

ಯಾರೂ ಹೇಳಿರಲಿಲ್ಲ. ಕೆಲ್ವಿನ್ ಮೂರು ದಿನದಿಂದ ಮುಖ ಊದಿಸಿಕೊಂಡಿದ್ದು ಇದಕ್ಕೇ.

ಗೋಡೆಯಾಚೆ ತೀರ್ಪು ನಡೆದಿತ್ತು. ಕ್ಷೌರಿಕ ಲೂಥರ್ ಹೇಳುತ್ತಿದ್ದ, "ಎಲ್ಲಾ ಸರಿ, ಆದ್ರೆ ಇದು ಅರ್ಧಂಬರ್ಧ ಬೈಗುಳ ಕಣ್ರೋ. ಅವನ ಕಾರು ಬೈದ, ಧ್ವನಿ ಬೈದ, ಚಪ್ಪಟೆ ಮೂಗು ಬೈದ. ಅಮ್ಮನ್ನ ಎಲ್ಲಿ ಬೈದ?"

"ಒಂದು ಸಾಲೂ ಇಲ್ಲ."

"ಅದೇ ಹೇಳಿದ್ದು. ನಾಲ್ಕು ನಿಮಿಷ ಬಯ್ತಾನೆ, ಅಮ್ಮನ ತಂಟೆಗೇ ಹೋಗಲ್ಲ. ಉಪ್ಪಿಲ್ಲದ ಸಾರು."

ನಮ್ಮ ಬೀದಿಗಳಲ್ಲಿ ಗಂಡುಹುಡುಗರು ಮಾತು ಕಲಿಯುವುದೇ ಆ ಆಟದಲ್ಲಿ. ಇವನು ಅವನ ಅಮ್ಮನನ್ನು ಆಡಿಕೊಳ್ಳಬೇಕು, ಅವನು ಇವನ ಅಮ್ಮನನ್ನು. ಮೊದಲು ಕೋಪ ಬಂದವನು ಸೋತ. ಈ ರಾಪ್ ಎನ್ನುವುದು ಅದರ ಮರಿಯೇ. ಹಾಗಿರುವಾಗ ಅಮ್ಮನಿಲ್ಲದ ಬೈಗುಳ ಲೂಥರನಿಗೆ ಸಪ್ಪೆ ಎನಿಸಿದ್ದು ತಪ್ಪಲ್ಲ.

ನನಗೆ ಸಂತೋಷವಾಯಿತು. ಅದನ್ನು ಒಡೆಸ್ಸಾಳಿಗೆ ತೋರಿಸಲಿಲ್ಲ. ಕೂದಲು ಚೆನ್ನಾಗಿ ಬಂದಿದೆ, ಅದಕ್ಕೆ ಧನ್ಯವಾದ ಎಂದು ಬರೆದುಕೊಳ್ಳುತ್ತೇನೆ.

ಜನವರಿ ೨೦, ಭಾನುವಾರ

ಚರ್ಚಿನಿಂದ ಬರುವಾಗ ಸಂತೆಯಂಗಡಿಯಲ್ಲಿ ಆ ಟೇಪು ಕೊಂಡೆ. ಮಗನ ಶತ್ರು ಏನು ಹೇಳುತ್ತಾನೆಂದು ತಾಯಿಗೆ ಗೊತ್ತಿರಬೇಕಲ್ಲ. ಕೆಲ್ವಿನ್ ಹೊರಗೆ ಹೋದ ಮೇಲೆ ಅಡುಗೆಮನೆಯಲ್ಲಿ ಸಣ್ಣಗೆ ಹಾಕಿ ಕೇಳಿದೆ.

ಕೆಟ್ಟ ಮಾತು ಇಪ್ಪತ್ತೆರಡು. ಒಡೆಸ್ಸಾಳಿಗೆ ಎಣಿಸಲು ಬರುವುದಿಲ್ಲ.

"ಮೈಕ್ ಮುಂದೆ ಹುಲಿರಾಯ, ಬೆಕ್ಕು ಕಂಡ್ರೆ ಮಂಚದಡಿ" ಎಂದೊಂದು ಸಾಲಿದೆ. ನನಗೆ ನಗು ಬಂದುಬಿಟ್ಟಿತು, ದೇವರು ಕ್ಷಮಿಸಲಿ. ಅದು ನಡೆದದ್ದು ಇದೇ ಮನೆಯಲ್ಲಿ. ಮಂಚದಡಿಯಿಂದ ಕೆಲ್ವಿನ್ನನ ಕಾಲು ಹಿಡಿದು ಎಳೆದವಳು ನಾನು, ಪಕ್ಕದಲ್ಲಿ ನಿಂತು ನಕ್ಕವನು ಡೆಲ್ಮಾರ್.

ಎರಡು ಸಲ ಕೇಳಿದೆ. ನನ್ನ ವಿಷಯ ಎಲ್ಲಿಯೂ ಇಲ್ಲ. ಬೈಯಲು ಸರಕಿಲ್ಲವೆಂದಲ್ಲ. ನನ್ನ ಗೊರಕೆ, ನನ್ನ ವಿಗ್ಗು, ಹಬ್ಬದ ದಿನ ಸುಟ್ಟುಹೋದ ಟರ್ಕಿ ಕೋಳಿ, ಎಲ್ಲವೂ ಅವನಿಗೆ ಬಾಯಿಪಾಠ.

ಫೆಬ್ರವರಿ ೧೬, ಶನಿವಾರ

ಬೆಳಗ್ಗೆ ತಿಂಡಿಗೆ ಮೆತ್ತನೆಯ ಬಿಸ್ಕತ್ತಿನ ಹಿಟ್ಟು ಲಟ್ಟಿಸಲು ಹೋದರೆ ಅಡುಗೆಮನೆಯ ಮೇಜಿನ ಮೇಲೆ ಪಿಸ್ತೂಲು.

"ಕೆಲ್ವಿನ್, ಇದೇನು?"

"ಇರ್ಲಿ ಅಮ್ಮ. ಅವನ ಕಡೆಯೋರು ಏನಾದ್ರೂ ಮಾಡಿದ್ರೆ ಅಂತ."

"ಅವನ ಕಡೆಯೋರು ಅಂದ್ರೆ ಯಾರು? ಡೆಲ್ಮಾರಾ? ಅವನಿಗೆ ಇಲಿ ಬೋನು ಹೂಡೋಕೂ ಬರಲ್ಲ."

"ಅವನಲ್ಲಮ್ಮ. ಅವನ ಸುತ್ತ ಈಗ ಬೇರೆಯೋರಿದಾರೆ. ನನ್ನ ಸುತ್ತಾನೂ ಇದಾರೆ."

"ನನ್ನ ಹಿಟ್ಟಿನ ಮೇಜು ಅವರ್ಯಾರದ್ದೂ ಅಲ್ಲ. ತೆಗಿ."

ತೆಗೆದ. ಮನೆಯಿಂದ ಹೊರಗೆ ಹಾಕಿದನೋ ಇಲ್ಲವೋ ಗೊತ್ತಿಲ್ಲ. ಮಧ್ಯಾಹ್ನವೆಲ್ಲ ಗ್ಯಾರೇಜಿನಲ್ಲಿ ಡೆಲ್ಮಾರನಿಗೆ ಉತ್ತರವಾಗಿ ಹಾಡು ಬರೆಯುತ್ತಿದ್ದ. ಬೀದಿಯ ತುದಿಯಲ್ಲಿ ಅವನ ಹೊಸ ಗೆಳೆಯರ ಕಾರು ನಿಂತೇ ಇತ್ತು. ಅವರು ನನಗೆ ತಲೆಬಾಗಿ ನಮಸ್ಕರಿಸುತ್ತಾರೆ. ಆದರೆ ಊಟಕ್ಕೆ ಕರೆದರೆ ಒಳಗೆ ಬರುವುದಿಲ್ಲ.

ಬಿಸ್ಕತ್ತು ಹಗುರವಾಗಿ ಬಂದಿತ್ತು. ಧನ್ಯವಾದ. ಲೆಕ್ಕ ತಪ್ಪಿ ಮೂವರಿಗೆ ಆಗುವಷ್ಟು ಮಾಡಿಬಿಟ್ಟೆ.

ಮಾರ್ಚ್ ೬, ಬುಧವಾರ

ಟಿವಿಯಲ್ಲಿ ಇವತ್ತೂ ಅದೇ ವಿಡಿಯೋ. ರಸ್ತೆಯಲ್ಲಿ ಬಿದ್ದ ನಮ್ಮ ಕರಿಯನೊಬ್ಬನನ್ನು ಪೊಲೀಸರು ಸುತ್ತುವರಿದು ಬಡಿಯುತ್ತಿದ್ದಾರೆ, ಬಡಿಯುತ್ತಲೇ ಇದ್ದಾರೆ. ಯಾರೋ ದೂರದ ಬಾಲ್ಕನಿಯಿಂದ ಕ್ಯಾಮೆರಾದಲ್ಲಿ ಹಿಡಿದದ್ದು. ಇಡೀ ದೇಶ ಗಾಬರಿಯಾಗಿದೆಯಂತೆ. ಶಾಲೆಯಲ್ಲಿ ಬಿಳಿಯ ಟೀಚರೊಬ್ಬರು ನನ್ನ ಕೈ ಹಿಡಿದು, "ಹೀಗೂ ಇರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ" ಎಂದರು.

ಮನೆಗೆ ಬಂದು ಕಪಾಟಿನಿಂದ ಕರ್ಫ್ಯೂ ತಂಡದ ಮೊದಲ ಟೇಪು ತೆಗೆದೆ. ಮೂರು ವರ್ಷದಿಂದ ಅದರ ಪ್ಲಾಸ್ಟಿಕ್ ಹೊದಿಕೆಯನ್ನೂ ನಾನು ಬಿಚ್ಚಿರಲಿಲ್ಲ. ಕೇಳಿದೆ. ಎರಡನೇ ಹಾಡಿನಲ್ಲಿ ಇದೇ ಇದೆ. ರಸ್ತೆ ಇದೆ, ಲಾಠಿ ಇದೆ, ಕಾರಿನ ದೀಪದ ಬೆಳಕಿದೆ. ಹದಿನೆಂಟು ವರ್ಷದ ಇಬ್ಬರು ಹುಡುಗರು ನನ್ನ ಗ್ಯಾರೇಜಿನಲ್ಲಿ ಗಂಟಲು ಹರಿಯುವಂತೆ ಕೂಗಿ ಹೇಳುತ್ತಿದ್ದಾಗ ನಾನು ಇಲ್ಲಿ ಈರುಳ್ಳಿ ಹೆಚ್ಚುತ್ತ, ಸದ್ದು ಕಡಿಮೆ ಮಾಡಿ ಎಂದು ಗೋಡೆ ಬಡಿಯುತ್ತಿದ್ದೆ.

ಕೆಟ್ಟ ಮಾತನ್ನು ಈ ಸಲ ಎಣಿಸಲಿಲ್ಲ. ಡೆಲ್ಮಾರನ ಸಾಲು ನಿಂತಲ್ಲಿಂದ ಕೆಲ್ವಿನ್ ಎತ್ತಿಕೊಳ್ಳುತ್ತಾನೆ, ನಡುವೆ ಉಸಿರಿನಷ್ಟೂ ಸಂದಿಲ್ಲ. ಹಾಗೆ ಹಾಡಲು ಒಂದೇ ತಟ್ಟೆಯಲ್ಲಿ ತಿಂದಿರಬೇಕು.

ಮಾರ್ಚ್ ೨೩, ಶನಿವಾರ

ನಾನು ಒಳಗೆ ಕಾಲಿಡುತ್ತಲೇ ಒಡೆಸ್ಸಾ ರೇಡಿಯೋ ಆರಿಸಿದಳು. ಗೋಡೆಯಾಚೆಯೂ ಮಾತಿಲ್ಲ. ಆ ಕ್ಷೌರದಂಗಡಿ ಸುಮ್ಮನಿದ್ದದ್ದನ್ನು ನಾನು ನೋಡಿದ್ದೇ ಇಲ್ಲ.

"ಕೆಲ್ವಿನ್ನನ ಉತ್ತರ ಬಂತಾ?"

"ಬಂತು."

"ಹಾಕು."

"ಬೇಡ ಕಣೇ ಅರ್ನೆಸ್ಟಿನ್."

"ಒಡೆಸ್ಸಾ, ಅದು ನನ್ನ ಮಗ. ಹಾಕು."

ಟೇಪು ಹಾಕಿದಳು. ಮೊದಲೆರಡು ಚರಣ ಚೆನ್ನಾಗಿದ್ದವು, ನನ್ನ ಮಗ ಬರೆಯಬಲ್ಲ. ಮೂರನೆಯದರಲ್ಲಿ ಲೊರೆಟಾ ಬಂದಳು. ಅವಳ ಹೆಸರು ಹಿಡಿದು, ಅವಳು ಮಾದಕದ ಹೊಗೆ ಸೇದಿದ್ದು, ಅದಕ್ಕಾಗಿ ಅವಳು ಮಾಡಿದ್ದು, ಕೊನೆಗೆ ಅವಳು ಬಿದ್ದಿದ್ದ ಜಾಗ, ಎಲ್ಲವನ್ನೂ ಪ್ರಾಸ ಕೂಡಿಸಿ ಹೇಳಿದ್ದಾನೆ. ಆ ಸಾಲುಗಳನ್ನು ಇಲ್ಲಿ ಬರೆಯುವುದಿಲ್ಲ.

ಲೊರೆಟಾ ನನಗಿಂತ ಚೆನ್ನಾಗಿ ಹಾಡುತ್ತಿದ್ದಳು. ನಾನು ಕೆಲ್ವಿನ್ನನನ್ನು ಹೆತ್ತು ಜ್ವರದಲ್ಲಿ ಬಿದ್ದಾಗ ಹನ್ನೊಂದು ದಿನ ಅವನಿಗೆ ಮೊಲೆಯೂಡಿದವಳು ಅವಳು. ಅವನಿಗೆ ಅದು ಗೊತ್ತಿಲ್ಲ, ನಾನು ಹೇಳಿರಲಿಲ್ಲ. ಅವಳು ಆ ಹಾಳು ಚಟಕ್ಕೆ ಬಿದ್ದ ಮೇಲೆ ಅವಳ ಒಳ್ಳೆಯ ದಿನಗಳ ಮಾತು ಎತ್ತಲು ನನಗೇ ಆಗುತ್ತಿರಲಿಲ್ಲ.

ಗೋಡೆಯಾಚೆಯಿಂದ ಲೂಥರ್ ಮೆಲ್ಲಗೆ, "ಮಿಸ್ ಅರ್ನಿ, ನಾವು ಅದನ್ನ ಇಲ್ಲಿ ಹಾಕ್ತಾ ಇಲ್ಲ" ಎಂದ. ಅವನಿಗೆ ಧನ್ಯವಾದ. ಕೂದಲು ಮಾಡಿಸದೆ ಮನೆಗೆ ಬಂದೆ.

ಮಾರ್ಚ್ ೨೪, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಕೆಲ್ವಿನ್ ತಿಂಡಿಗೆ ಕೂತಾಗ ತಟ್ಟೆ ಇಡಲಿಲ್ಲ.

"ಆಟ ಅಂದ್ಮೇಲೆ ಎಲ್ಲಾ ನಡಿಯುತ್ತೆ ಅಮ್ಮ. ಅಮ್ಮನ್ನ ಬಯ್ಯೋದು ಎಲ್ಲರಿಗೂ ಗೊತ್ತಿರೋದೇ."

"ಬದುಕಿರೋ ಅಮ್ಮನ್ನ ಬೈದ್ರೆ ಆಟ. ಅವಳು ಬಾಗಿಲಿಗೆ ಬಂದು ನಿನ್ನ ಕಿವಿ ಹಿಂಡ್ತಾಳೆ, ಅಲ್ಲಿಗೆ ಮುಗೀತು. ಸತ್ತೋಳು ಎಲ್ಲಿಂದ ಬರ್ತಾಳೆ?"

"ಅವನೇ ಶುರು ಮಾಡಿದ್ದು."

"ಅವನು ನನ್ನ ಮುಟ್ಟಿದ್ನಾ? ನಾಲ್ಕು ನಿಮಿಷದಲ್ಲಿ ಒಂದ್ಸಲ ಮುಟ್ಟಿದ್ನಾ? ಇಡೀ ಕಾಂಪ್ಟನ್ ಅವನನ್ನ ಸಪ್ಪೆ ಅಂತು, ಆದ್ರೂ ಮುಟ್ಲಿಲ್ಲ."

ಆಮೇಲೆ ಆ ಹನ್ನೊಂದು ದಿನದ ವಿಷಯ ಹೇಳಿದೆ. ಅವನ ಮುಖ ಇಳಿಯಿತು. ಆದರೆ ಹಟ ಬಿಡಲಿಲ್ಲ. ಎದ್ದು ಬಾಗಿಲ ತನಕ ಹೋಗಿ ತಿರುಗಿ ಹೇಳಿದ, "ಅಷ್ಟೊಂದು ಪ್ರೀತಿ ಇದ್ದೋಳು ಅವನಿಗೆ 'ಇದು ನನ್ನ ಮಗನ ಮನೆ' ಅಂತ ಯಾಕೆ ಅಂದೆ? ನಾನೇನು ಹೇಳು ಅಂದಿದ್ನಾ? ಅವತ್ತು ಅವನು ಕಾರಲ್ಲಿ ಕೂತು ಎಷ್ಟು ಹೊತ್ತು ಅತ್ತ ಗೊತ್ತಾ ನಿಂಗೆ?"

ಗೊತ್ತಿರಲಿಲ್ಲ.

ಇವತ್ತು ಬರೆಯಲು ಏನೂ ಇಲ್ಲ.

ಏಪ್ರಿಲ್ ೯, ಮಂಗಳವಾರ

ಮಧ್ಯಾಹ್ನ ನಾಲ್ಕಕ್ಕೆ, ಹಾಡಹಗಲಲ್ಲಿ, ಯಾರೋ ಕೆಲ್ವಿನ್ನನ ಕಾರಿಗೆ ಆರು ಗುಂಡು ಹೊಡೆದು ಹೋದರು. ಕೆಲ್ವಿನ್ ಆಗಷ್ಟೇ ನೀರು ಕುಡಿಯಲು ಒಳಗೆ ಬಂದಿದ್ದ.

ಗಾಜು ಮಾತ್ರ. ಗಾಜು ಮಾತ್ರ. ಗಾಜು ಮಾತ್ರ. ನಿನಗೆ ಧನ್ಯವಾದ ದೇವರೇ, ನೀರಿಗೆ ಧನ್ಯವಾದ, ಬಾಯಾರಿಕೆಗೆ ಧನ್ಯವಾದ.

ಅವನು ಬಾಗಿಲಲ್ಲಿ ನಿಂತು ಗಾಜು ನೋಡುತ್ತಿದ್ದ. "ಡೆಲ್ ಅಲ್ಲಮ್ಮ, ಇದು ಅವನಲ್ಲ" ಎಂದು ಎರಡು ಸಲ ಹೇಳಿದ. ಬೀದಿಯ ತುದಿಯ ಕಾರಿನಲ್ಲಿದ್ದವರು ಹಾಗೆ ತಿಳಿದಿಲ್ಲ. ಇನ್ನೊಂದು ಹಾಡು ಬಂದರೆ ಸಾಕು, ಈ ಇಬ್ಬರಲ್ಲಿ ಒಬ್ಬನನ್ನು ನಾನು ಹೂಳಬೇಕಾಗುತ್ತದೆ. ಯಾರು ಸತ್ತರೂ ಹೂಳುವವಳು ನಾನೇ.

ಏಪ್ರಿಲ್ ೨೦, ಶನಿವಾರ

ಎರಡು ಬಸ್ಸು ಬದಲಿಸಿ ಡೆಲ್ಮಾರ್ ಹಾಡು ಮುದ್ರಿಸುವ ಸ್ಟುಡಿಯೋಗೆ ಹೋದೆ. ಚರ್ಚಿನ ಟೋಪಿ ಹಾಕಿಕೊಂಡೇ ಹೋಗಿದ್ದೆ. ಬಾಗಿಲಲ್ಲಿ ಬೀರುವಿನಷ್ಟಿದ್ದ ಒಬ್ಬ ಅಡ್ಡ ನಿಂತ.

"ಯಾರು ಬೇಕಮ್ಮ?"

"ಡೆಲ್ಮಾರ್."

"ನೀವ್ಯಾರು?"

"ಅವನ ಅಮ್ಮ."

ಅವನ ಮುಖ ಬಿಗಿಯಿತು. "ಅವರಮ್ಮ ತೀರಿಕೊಂಡಿದಾರೆ. ಆ ಹಾಡು ಬಂದ್ಮೇಲೆ ಈ ಮಾತಲ್ಲಿ ತಮಾಷೆ ಮಾಡ್ಬೇಡಿ."

"ತಮಾಷೆ ಮಾಡೋಕೆ ನಾನು ಎರಡು ಬಸ್ ಹತ್ತಲ್ಲ ಮಗಾ. ಅರ್ನಿ ಬಂದಿದಾಳೆ ಅಂತ ಹೇಳು."

ಡೆಲ್ಮಾರ್ ತಾನೇ ಬಂದ. ಸಣ್ಣಗಾಗಿದ್ದಾನೆ. ನನ್ನನ್ನು ಒಳಗೆ ಕರೆದುಕೊಂಡು ಹೋಗಿ ತನ್ನ ಕುರ್ಚಿ ಕೊಟ್ಟು ತಾನು ನೆಲದ ಮೇಲೆ ಕೂತ. ನಾನು ದಾರಿಯುದ್ದಕ್ಕೂ ಏನೇನೋ ಕಟ್ಟಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಇಷ್ಟೇ: "ಅಕ್ಟೋಬರ್‌ನಲ್ಲಿ ಬಾಗಿಲಲ್ಲಿ ನಿಂತು ನಾನು ಅಂದದ್ದು ತಪ್ಪು. ಅದು ನಿನ್ನ ಮನೆ. ಲೊರೆಟಾ ಮುಂದೆ ನಿಂತು ಆ ಮಾತು ಆಡೋಕೆ ನಂಗಾಗ್ತಿತ್ತಾ? ಆಗ್ತಿರ್ಲಿಲ್ಲ."

ಅವನು ಶೂ ದಾರ ಬಿಚ್ಚಿ ಮತ್ತೆ ಕಟ್ಟಿದ. ಆಮೇಲೆ, "ನಾನೂ ಒಂದು ಮಾಡಿದೀನಿ ಮಿಸ್ ಅರ್ನಿ. ಉತ್ತರ. ಸೋಮವಾರ ಹೊರಗೆ ಹೋಗುತ್ತೆ. ಅದ್ರಲ್ಲಿ ನೀವಿದೀರಿ."

"ಹಾಕು, ಕೇಳೋಣ."

"ಬೇಡ."

"ಊರೆಲ್ಲ ಕೇಳ್ಬಹುದು, ನಾನು ಕೇಳ್ಬಾರ್ದಾ? ಹಾಕೋ."

ಹಾಕಿದ. ಗೋಡೆ ಕಡೆ ತಿರುಗಿ ಕೂತ. ನನ್ನ ಗೊರಕೆ, ನನ್ನ ವಿಗ್ಗು, ಎಲ್ಲ ಇತ್ತು. ಅದಕ್ಕಿಂತ ಕೆಟ್ಟದ್ದೂ ಇತ್ತು. ನನ್ನ ಗಂಡ ವಾರ್ಡೆಲ್ ಸತ್ತ ವರ್ಷ ನಾನು ಹಾಸಿಗೆ ಬಿಟ್ಟು ಏಳದೆ ಇದ್ದದ್ದು, ಮಗನಿಗೆ ಅನ್ನ ಹಾಕದೆ ಇದ್ದದ್ದು. ಆ ವರ್ಷದ ವಿಷಯ ಈ ಇಬ್ಬರು ಹುಡುಗರಿಗೆ ಬಿಟ್ಟರೆ ಲೋಕದಲ್ಲಿ ಯಾರಿಗೂ ಗೊತ್ತಿಲ್ಲ. ಆದರೂ ಕೊನೆಯ ತನಕ ಕೂತು ಕೇಳಿದೆ.

"ವಿಗ್ಗಿನ ಸಾಲು ಸಪ್ಪೆ," ಎಂದೆ. "ತಾಳ ತಪ್ಪಿದೆ, ಒಂದು ಮಾತು ಕಿತ್ತುಹಾಕು. ಉಳಿದದ್ದು ಗಟ್ಟಿಯಾಗಿದೆ. ಬಿಡು ಹೊರಗೆ. ನಾನು ಬದುಕಿದೀನಿ, ತಡ್ಕೋತೀನಿ. ಆದ್ರೆ ಇದಾದ್ಮೇಲೆ ಮುಗೀಬೇಕು. ಲೆಕ್ಕ ಸಮ ಆಯ್ತು ಅಂತ ಎಲ್ಲರ ಮುಂದೆ ಹೇಳ್ಬೇಕು, ನಿನ್ನ ಕಡೆಯೋರಿಗೂ ಹೇಳ್ಬೇಕು. ಕಾರಿಗೆ ಹೊಡೆದೋರಿಗೂ."

ಅವನು ತಿರುಗಲೇ ಇಲ್ಲ. ಬೆನ್ನು ಅಲುಗುತ್ತಿತ್ತು. "ಕಾರಿನ ವಿಷಯ ನಂಗೆ ಆಮೇಲೆ ಗೊತ್ತಾಯ್ತು," ಎಂದ. "ಗೊತ್ತಾದ ದಿನಾನೇ ಹೊಡೆದೋರನ್ನ ನನ್ನ ಹತ್ರದಿಂದ ಓಡಿಸ್ದೆ."

ಹೊರಡುವಾಗ, ಅಮ್ಮಂದಿರ ದಿನಕ್ಕೆ ಚರ್ಚಿಗೆ ಬಾ ಎಂದು ಕರೆದೆ. ಬರುತ್ತೇನೆ ಎನ್ನಲಿಲ್ಲ. ಬಸ್ ನಿಲ್ದಾಣದ ತನಕ ನಡೆದು ಬಂದು, ಬಸ್ಸು ಬರುವ ತನಕ ನಿಂತಿದ್ದ. ಆ ಬಸ್ಸು ತಡವಾಗಿ ಬಂದದ್ದಕ್ಕೆ ಧನ್ಯವಾದ.

ಏಪ್ರಿಲ್ ೨೯, ಸೋಮವಾರ

ಕಳೆದ ಸೋಮವಾರವೂ ಹಾಡು ಬರಲಿಲ್ಲ, ಇವತ್ತೂ ಬರಲಿಲ್ಲ. ಡೆಲ್ಮಾರ್ ಬಾಲ ಮುದುರಿಕೊಂಡ ಎಂದು ರೇಡಿಯೋದವನು ನಗುತ್ತಿದ್ದ. ಕೆಲ್ವಿನ್ ನಗಲಿಲ್ಲ, ಒಲೆಯ ಹತ್ತಿರ ನಿಂತುಕೊಂಡೇ ತಿನ್ನುತ್ತಿದ್ದ.

"ಹೆದರಿದಾನೆ ಅಂತ ನಿಂಗೂ ಅನ್ಸುತ್ತಾ?" ಎಂದು ಕೇಳಿದೆ.

"ಇಲ್ಲ. ಡೆಲ್ ಹತ್ರ ಏನೋ ಇರುತ್ತೆ. ಯಾಕೆ ಬಿಡ್ತಿಲ್ಲ ಗೊತ್ತಾಗ್ತಿಲ್ಲ."

"ಇದೆ. ನಾನು ಕೇಳಿದೀನಿ. ಅಪ್ಪ ಸತ್ತ ವರ್ಷದ್ದು ಅದರಲ್ಲಿದೆ. ಹೊರಗೆ ಬಿಟ್ರೆ ನಾಳೆಯಿಂದ ನೀನು ಬೀದೀಲಿ ತಲೆ ಎತ್ತೋ ಹಾಗಿಲ್ಲ, ಅಷ್ಟು ಚೆನ್ನಾಗಿ ಬರೆದಿದಾನೆ. ಬಿಡು ಅಂತ ನಾನೇ ಹೇಳಿ ಬಂದೆ. ಬಿಡ್ತಾ ಇಲ್ಲ."

ತಟ್ಟೆಯಲ್ಲಿ ಅರ್ಧ ಉಳಿದಿತ್ತು. ಅದನ್ನು ಒಲೆಯ ಮೇಲಿಟ್ಟು ಗ್ಯಾರೇಜಿಗೆ ಹೋದ. ಸಂಜೆಯವರೆಗೂ ಅಲ್ಲಿಂದ ಸದ್ದೇ ಬರಲಿಲ್ಲ. ನಾನು ಗೋಡೆಗೆ ಕಿವಿಯಿಟ್ಟೂ ನೋಡಿದೆ.

ಮೇ ೧೨, ಭಾನುವಾರ

ಅಮ್ಮಂದಿರ ದಿನ. ಅಕ್ಷರ ಓಡುತ್ತಿದೆ, ಆದರೂ ಇವತ್ತೇ ಬರೆಯಬೇಕು.

ಈ ದಿನ ನಮ್ಮ ಚರ್ಚಿನ ಬಾಗಿಲಲ್ಲಿ ಬಿಳಿ ಉಡುಪಿನ ಹೆಂಗಸರು ಹೂವಿನ ಬುಟ್ಟಿ ಹಿಡಿದು ನಿಲ್ಲುತ್ತಾರೆ. ಅಮ್ಮ ಬದುಕಿದ್ದವರು ಕೆಂಪು ಹೂ ಎದೆಗೆ ಚುಚ್ಚಿಕೊಳ್ಳಬೇಕು, ಅಮ್ಮ ಇಲ್ಲದವರು ಬಿಳಿ. ನನ್ನ ಅಜ್ಜಿಯ ಕಾಲದಿಂದ ನಡೆದು ಬಂದದ್ದು. ಯಾರನ್ನು ನೋಡಿ ನಗಬೇಕು, ಯಾರ ಭುಜ ಮುಟ್ಟಬೇಕು ಎಂದು ಹೂ ನೋಡಿದರೆ ಗೊತ್ತಾಗುತ್ತದೆ.

ಕೆಲ್ವಿನ್ ಬೆಳಗ್ಗೆಯೇ ಎಲ್ಲಿಗೋ ಹೋಗಿದ್ದ. ನಾನೊಬ್ಬಳೇ ಬಂದು ಮೂರನೇ ಬೆಂಚಿನಲ್ಲಿ ಕೂತೆ. ಎರಡನೇ ಹಾಡಿನ ಹೊತ್ತಿಗೆ ಪಕ್ಕದಲ್ಲಿ ಯಾರೋ ಕೂತರು. ಡೆಲ್ಮಾರ್. ಇಸ್ತ್ರಿ ಮಾಡಿದ ಅಂಗಿ, ಎದೆಯ ಮೇಲೆ ಬಿಳಿ ಹೂ. ನಾನು ಅವನ ಕೈ ಹಿಡಿದುಕೊಂಡೆ, ಹಾಡುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅತ್ತುಬಿಡುತ್ತಿದ್ದೆ.

ಪಾದ್ರಿಗಳು ಮಾತು ಶುರು ಮಾಡುವಾಗ ಹಿಂದಿನಿಂದ ಗುಸುಗುಸು ಎದ್ದಿತು. ಬಾಗಿಲಿನಿಂದ ಬೆಂಚು ಬೆಂಚಿಗೆ ದಾಟಿ ಮುಂದೆ ಬಂದಿತು. ಹಿಂದೆ ಕೂತಿದ್ದ ಮುದುಕಿ ಹ್ಯಾಟಿ, "ಅಯ್ಯೋ, ಅರ್ನೆಸ್ಟಿನ್ ಯಾವಾಗ ಹೋದ್ಲು?" ಎಂದಳು. ಪಕ್ಕದವಳು, "ನಿನ್ನ ಮುಂದೇ ಕೂತಿದಾಳಲ್ಲೇ" ಎಂದಳು. ಒಡೆಸ್ಸಾ ಎದ್ದು ಬಂದು ನನ್ನ ಕೆನ್ನೆ ಮುಟ್ಟಿಯೇ ನೋಡಿದಳು. ಸಿಸ್ಟರ್ ಬರ್ನಡೀನ್ ಬಾಯಿ ಮೇಲೆ ಕೈಯಿಟ್ಟುಕೊಂಡಿದ್ದರು. ಪಾದ್ರಿಗಳ ಮಾತು ನಿಂತಿತು.

ನಾನು ತಿರುಗಿ ನೋಡಿದೆ. ನಡುದಾರಿಯಲ್ಲಿ ಕೆಲ್ವಿನ್ ಬರುತ್ತಿದ್ದ. ಎದೆಯ ಮೇಲೆ ಬಿಳಿ ಹೂ.

ಬುಟ್ಟಿಯವಳು ಹಿಂದೆಯೇ ಓಡಿ ಬಂದು ಕೆಂಪು ಹೂ ಚಾಚಿದಳು. "ತಪ್ಪು ಹೂ ತಗೊಂಡೆ ಮಗ, ನಿಮ್ಮಮ್ಮ ಇದಾರೆ."

"ತಪ್ಪಿಲ್ಲ ಮೇಡಮ್," ಎಂದ. ಮೈಕ್ ಇಲ್ಲದೆ ಮಾತಾಡಿ ಅವನಿಗೆ ಅಭ್ಯಾಸವಿಲ್ಲ, ಧ್ವನಿ ಒಡೆದಿತ್ತು. "ಇದು ಮಿಸ್ ಲೊರೆಟಾಗೆ."

ನಮ್ಮ ಬೆಂಚಿನ ತುದಿಗೆ ಬಂದು ನಿಂತ. ಕೂರಲಿಲ್ಲ. ಡೆಲ್ಮಾರ್ ಮೊದಲು ಅವನ ಶೂ ನೋಡಿದ, ಆಮೇಲೆ ಹೂ ನೋಡಿದ. ಅದು ನನ್ನ ಮಾತಿನ ಜಾಗವಲ್ಲ. ಕೊನೆಗೆ ಡೆಲ್ಮಾರ್ ನನ್ನ ಕಡೆ ಒತ್ತಿಕೊಂಡು ಸರಿದು ಬೆಂಚಿನಲ್ಲಿ ಜಾಗ ಮಾಡಿದ. ಕೆಲ್ವಿನ್ ಕೂತ.

ಲೊರೆಟಾ, ಇವತ್ತಿನ ಧನ್ಯವಾದ ದೇವರಿಗಲ್ಲ, ನಿನಗೆ. ನಿನ್ನ ಹೆಸರಿನಲ್ಲಿ ಇವತ್ತು ಇಬ್ಬರು ಗಂಡುಮಕ್ಕಳು ಬಿಳಿ ಹೂ ಇಟ್ಟುಕೊಂಡು ಕೂತಿದ್ದರು. ನಾನು ಕಣ್ಣಾರೆ ಕಂಡೆ.